ಇಂದಿನ ಧಮ್ಮ ಚಿಂತನೆ: ತೂಕ ಇಳಿಸುವುದು ಎಲ್ಲರಿಗೂ ಒಂದೇ ಥರ ಇರುತ್ತದೆಯೇ?

ಧಮ್ಮ ಬಂಧುಗಳೇ, ಇಂದಿನ ಪಾಠಕ್ಕೆ ಸಂಯುತ್ತ ನಿಕಾಯದ ದೋಣಪಾಕ ಸುತ್ತವನ್ನು ತೆಗೆದುಕೊಂಡಿದ್ದೇನೆ. ಬಹಳ ಸಣ್ಣ ಸುತ್ತ. ಮೈಭಾರದ ಬಗ್ಗೆಯೇ ಇರುವುದರಿಂದ ನಮ್ಮ ಮನೆಮನೆಯ ಮಾತಿಗೆ ಹತ್ತಿರವಾಗಿದೆ.

ಕೋಸಲದ ರಾಜ ಪಸೇನದಿ ಒಂದು ದೋಣದಷ್ಟು ಅಕ್ಕಿಯ ಅನ್ನ ಉಣ್ಣುತ್ತಿದ್ದ. ದೋಣ ಎಂದರೆ ಆ ಕಾಲದ ದೊಡ್ಡ ಅಳತೆ. ಒಂದು ದಿನ ಉಂಡ ಮೇಲೆ ಏದುಸಿರು ಬಿಡುತ್ತಾ ಸಾವತ್ಥಿಯಲ್ಲಿ ಭಗವಾನರ ಬಳಿ ಬಂದು ಕುಳಿತ. ಭಗವಾನರು ಅವನ ಸ್ಥಿತಿ ನೋಡಿ ಒಂದು ಗಾಥೆ ಹೇಳಿದರು. ಅದರ ಸಾರ ಇಷ್ಟು: ಸದಾ ಎಚ್ಚರವಿದ್ದು, ಸಿಕ್ಕ ಊಟದಲ್ಲಿ ಮಿತಿ ತಿಳಿದವನ ನೋವುಗಳು ಕಡಿಮೆಯಾಗುತ್ತವೆ, ಅವನು ನಿಧಾನಕ್ಕೆ ಮುಪ್ಪಾಗುತ್ತಾನೆ, ಆಯುಷ್ಯ ಕಾಪಾಡಿಕೊಳ್ಳುತ್ತಾನೆ.

ಆಗ ರಾಜನ ಹಿಂದೆ ಸುದಸ್ಸನ ಎಂಬ ಯುವಕ ನಿಂತಿದ್ದ. ರಾಜ ಅವನಿಗೆ ಈ ಗಾಥೆ ಕಲಿಯಲು ಹೇಳಿದ. ತಾನು ಉಣ್ಣುವಾಗ ಅದನ್ನು ಹೇಳಬೇಕು, ಅದಕ್ಕೆ ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಹೀಗೆ ರಾಜ ಮೆಲ್ಲಮೆಲ್ಲನೆ ಊಟ ಇಳಿಸುತ್ತಾ ಒಂದು ನಾಳಿಯ ಅನ್ನಕ್ಕೆ ಬಂದು ನಿಂತ. ಕೆಲಕಾಲದ ನಂತರ ಮೈ ಹಗುರಾಯಿತು. ತನ್ನ ಕೈಕಾಲು ಸವರಿಕೊಂಡು, ಭಗವಾನರು ನನಗೆ ಈ ಬದುಕಿಗೂ ಮುಂದಿನದಕ್ಕೂ ಹಿತ ಮಾಡಿದರು ಎಂದು ನೆನೆದ.

ಇಲ್ಲಿಗೆ ಸುತ್ತ ಮುಗಿಯುತ್ತದೆ. ಇದನ್ನು ಓದಿ "ನೋಡಿ, ಬಾಯಿ ಕಟ್ಟಿದರೆ ಯಾರಾದರೂ ಇಳಿಯಬಹುದು" ಎಂದುಬಿಡುವುದು ಸುಲಭ. ಹಾಗೆ ಓದಿದರೆ ಆಗುವ ಗಾಯ ಏನೆಂದು ಕಳೆದ ಭಾನುವಾರ ನಮ್ಮ ಕೂಟದಲ್ಲೇ ಕೇಳಿದೆವು. ಒಬ್ಬ ಅಕ್ಕ ಎದ್ದು ನಿಂತು ಹೇಳಿದ ಮಾತನ್ನು, ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇನೆ:

"ಅಣ್ಣ, ನಾನೂ ನನ್ನ ನೆಗೆಣ್ಣಿನೂ ಒಂದೇ ಮನ್ಯಾಗ ಇರ್ತೀವಿ. ಒಂದೇ ಒಲಿ ಮ್ಯಾಲಿನ ರೊಟ್ಟಿ ತಿಂತೀವಿ. ದಿನಾ ನಸುಕಿನ್ಯಾಗ ಕೂಡೇ ನಡ್ಯಾಕ ಹೋಗ್ತೀವಿ. ನಾಕು ತಿಂಗಳಾಗ ಆಕಿ ಎಂಟು ಕೆಜಿ ಇಳದಾಳ. ನಂದು ಒಂದೂವರಿ ಇಳದೈತಿ. ಕದ್ದು ತಿಂತಿ ಅಂತ ಮನ್ಯಾಗ ನಗ್ತಾರ. ಒಬ್ಬರು ನಿನ್ನ ಕರ್ಮ ಅಂದ್ರು. ನನ್ನ ಶೀಲದಾಗೇ ಏನರ ಕೊರತಿ ಐತೇನು?"

ಕೊನೆಯ ಪ್ರಶ್ನೆ ಕೇಳಿ ಸಭೆ ಸುಮ್ಮನಾಯಿತು. ಆ ಹೊತ್ತು ಸಮಯ ಸಾಲಲಿಲ್ಲ. ಈಗ ಒಂದೊಂದಾಗಿ ನೋಡೋಣ.

*1. ಒಂದೇ ಊಟಕ್ಕೆ ಎಲ್ಲ ಮೈಗಳೂ ಒಂದೇ ಲೆಕ್ಕ ಕೊಡುವುದಿಲ್ಲ*

ಕೆನಡಾದ ಕ್ವಿಬೆಕ್‌ನಲ್ಲಿ ಕ್ಲಾಡ್ ಬುಷಾರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 12 ಜೋಡಿ ಅವಳಿ ಯುವಕರ ಮೇಲೆ ಒಂದು ಪ್ರಯೋಗ ಮಾಡಿ 1990ರಲ್ಲಿ ಪ್ರಕಟಿಸಿದರು. ಎಲ್ಲರೂ ನೋಡಲು ಒಂದೇ ಥರ ಇರುವ ಅವಳಿಗಳು. ಲೆಕ್ಕ ಹಾಕಿ 84 ದಿನ ಎಲ್ಲರಿಗೂ ದಿನಕ್ಕೆ 1000 ಕ್ಯಾಲರಿ ಹೆಚ್ಚು ಉಣಿಸಿದರು. ಎಲ್ಲರೂ ಕಣ್ಣೆದುರಿಗೇ ಇದ್ದರು. ಕದ್ದು ತಿನ್ನುವ ಮಾತೇ ಇಲ್ಲ. ಕೊನೆಗೆ ಒಬ್ಬ ಸುಮಾರು 4 ಕೆಜಿ ಏರಿದ್ದ, ಇನ್ನೊಬ್ಬ ಸುಮಾರು 13 ಕೆಜಿ ಏರಿದ್ದ. ಆದರೆ ಒಂದು ಜೋಡಿಯ ಇಬ್ಬರು ಅಣ್ಣತಮ್ಮಂದಿರು ಹೆಚ್ಚುಕಡಿಮೆ ಒಂದೇ ಥರ ಏರಿದ್ದರು. ಅಂದರೆ ಉಂಡದ್ದನ್ನು ಮೈ ಹೇಗೆ ಕೂಡಿಡುತ್ತದೆ ಎನ್ನುವುದರಲ್ಲಿ ತಂದೆತಾಯಿಯಿಂದ ಬಂದ ಪಾಲು ದೊಡ್ಡದು.

ಇಳಿಯುವಾಗಲೂ ಹೀಗೆಯೇ. ತೂಕ ಇಳಿಯತೊಡಗಿದರೆ ಮೈ ಅದನ್ನು ಬರಗಾಲ ಬಂತೆಂದು ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ಅಮೆರಿಕದ ಒಂದು ಟಿವಿ ಸ್ಪರ್ಧೆಯಲ್ಲಿ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಅಷ್ಟು ವರ್ಷ ಕಳೆದರೂ ಅವರ ಮೈ, ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ ಖರ್ಚು ಮಾಡುತ್ತಿತ್ತು. ಹೆಚ್ಚಿನವರಿಗೆ ಇಳಿಸಿದ ತೂಕ ಮರಳಿ ಬಂದಿತ್ತು. ಅವರೇನು ಸೋಮಾರಿಗಳಲ್ಲ.

ಇದರ ಮೇಲೆ ಥೈರಾಯ್ಡ್ ತೊಂದರೆ, ಹೆಣ್ಣುಮಕ್ಕಳ ಪಿಸಿಒಡಿ, ಮುಟ್ಟು ನಿಲ್ಲುವ ವಯಸ್ಸು, ಸ್ಟೀರಾಯ್ಡ್ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇವೆಲ್ಲ ತೂಕ ಏರಿಸಬಹುದು, ಇಳಿಯದಂತೆ ಹಿಡಿಯಬಹುದು. ನಿದ್ದೆಗೆಟ್ಟರೂ ಹಸಿವು ಹೆಚ್ಚುತ್ತದೆ. ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

*2. ತೆಳ್ಳಗಿದ್ದವರೆಲ್ಲ ಆರೋಗ್ಯವಂತರೆಂದೂ ಅಲ್ಲ*

ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮದೇ ಅಳತೆ ಪ್ರಕಟಿಸಿದರು. ಎತ್ತರಕ್ಕೆ ತೂಕದ ಲೆಕ್ಕವಾದ ಬಿಎಂಐ ಇಬ್ಬರಿಗೂ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ ನೂರಕ್ಕೆ 21.2. ನಮ್ಮ ದೇಶದವರ ಮೈ ಹೊರಗೆ ಸಣ್ಣಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯಲ್ಲಿ, ಕೊಬ್ಬು ಕೂಡಿಡುವುದು ಹೆಚ್ಚು. ಗರ್ಭದಲ್ಲೇ ತಾಯಿಗೆ ಊಟ ಸಾಲದೆ ಸಣ್ಣಗೆ ಹುಟ್ಟಿದ ಮಗು ಮುಂದೆ ಸಕ್ಕರೆ ಕಾಯಿಲೆಗೆ ಬೇಗ ಸಿಗುತ್ತದೆ ಎಂದು ಯಾಜ್ಞಿಕ್ ಅವರ ತಂಡ ಹಳ್ಳಿಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸುತ್ತಾ ಬಂದಿದೆ.

ಬಂಧುಗಳೇ, ಇದು ನಮಗೆ ಬಹಳ ಹತ್ತಿರದ ಮಾತು. ನಮ್ಮ ಅಜ್ಜಿಯರು ಬಸುರಿಯಾಗಿದ್ದಾಗಲೂ ಅಂಬಲಿ ಕುಡಿದು ಕೂಲಿಗೆ ಹೋದವರು. ಅವರ ಹಸಿವು ನಮ್ಮ ಮೈಯಲ್ಲಿ ಇನ್ನೂ ಗುರುತು ಉಳಿಸಿರಬಹುದು. ಈಗ ಅದೇ ಮೈಗೆ ಬೇರೆ ಊಟ ಬಂದಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರು ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ ಇದ್ದ ಕಡೆ ಬಿಳಿ ಅನ್ನ, ಸಕ್ಕರೆ ಚಹಾ, ಸಂಜೆಯ ವಗ್ಗರಣಿ ಮಿರ್ಚಿ ಬಂದು ಕೂತವು. ಆದ್ದರಿಂದ ನಮ್ಮವರು ತಕ್ಕಡಿ ನೋಡಿ ಸಮಾಧಾನಪಡುವಂತಿಲ್ಲ. ಸೊಂಟದ ಸುತ್ತಳತೆ ನೋಡಿ: ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ, ಸಣ್ಣಗೆ ಕಂಡರೂ ಸಕ್ಕರೆ ಮತ್ತು ಬಿಪಿ ಪರೀಕ್ಷೆ ಮಾಡಿಸಿ.

*3. "ನಿನ್ನ ಕರ್ಮ" ಎನ್ನುವುದು ಬುದ್ಧರ ಮಾತಲ್ಲ*

ಸಂಯುತ್ತ ನಿಕಾಯದಲ್ಲೇ ಸೀವಕ ಸುತ್ತ ಇದೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎನ್ನುವವರ ಬಗ್ಗೆ ಏನು ಹೇಳುತ್ತೀರಿ ಎಂದು ಸೀವಕ ಕೇಳುತ್ತಾನೆ. ಭಗವಾನರು ಬಿಡಿಸಿ ಹೇಳುತ್ತಾರೆ: ಪಿತ್ತದಿಂದ, ಕಫದಿಂದ, ವಾತದಿಂದ, ಮೂರೂ ಕೂಡಿದ್ದರಿಂದ, ಋತು ಬದಲಾವಣೆಯಿಂದ, ಮೈಯನ್ನು ಸರಿಯಾಗಿ ನೋಡಿಕೊಳ್ಳದ್ದರಿಂದ, ಹೊರಗಿನ ಪೆಟ್ಟಿನಿಂದಲೂ ನೋವು ಬರುತ್ತದೆ, ಕರ್ಮಫಲ ಎಂಟನೆಯದು ಮಾತ್ರ. ಎಲ್ಲದಕ್ಕೂ ಹಿಂದಿನ ಕರ್ಮ ಎನ್ನುವವರು ಕಣ್ಣಿಗೆ ಕಾಣುವ ಸತ್ಯವನ್ನು ಮೀರಿ ಮಾತಾಡುತ್ತಾರೆ ಎನ್ನುತ್ತಾರೆ. ಮೈಯ ಕಷ್ಟಕ್ಕೆ ಮೈಯಲ್ಲೇ ಕಾರಣ ಹುಡುಕಿ ಎಂದು ಭಗವಾನರು ಅಂದೇ ದಾರಿ ತೋರಿಸಿದ್ದಾರೆ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಬಡವನ ಬಡತನಕ್ಕೆ ಹಿಂದಿನ ಜನ್ಮದ ಕರ್ಮ ಕಾರಣವೆಂದರೆ ಸಮಾಜವೂ ಸರ್ಕಾರವೂ ಹೊಣೆಯಿಂದ ನುಣುಚಿಕೊಳ್ಳುತ್ತವೆ. ಮಹಾಕಾರುಣಿಕನಾದ ಬುದ್ಧ ಇಂಥದನ್ನು ಹೇಳಿರಲಾರ ಎಂಬುದು ಅವರ ವಾದ. ಹುಟ್ಟು ನೋಡಿ ಮನುಷ್ಯನ ಗುಣ ಅಳೆಯುವುದನ್ನು ಬಿಟ್ಟು ಬಂದವರು ನಾವು. ಮೈಗಾತ್ರ ನೋಡಿ ಮನುಷ್ಯನ ಗುಣ ಅಳೆಯುವುದನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು. ಪಂಚಶೀಲದ ಯಾವ ಶೀಲವೂ ಇಷ್ಟು ಕೆಜಿ ಇರಬೇಕು ಎಂದು ಹೇಳುವುದಿಲ್ಲ. ಅಕ್ಕನ ಶೀಲಕ್ಕೆ ಏನೂ ಕೊರತೆಯಿಲ್ಲ. ಮನೆಯಲ್ಲಿ ನಗುವವರು ತಮ್ಮ ಮಾತನ್ನು ಸಮ್ಯಕ್ ವಾಚೆಯ ಮುಂದಿಟ್ಟು ನೋಡಿಕೊಳ್ಳಲಿ.

*4. ಹಾಗಾದರೆ ಪ್ರಯತ್ನ ಬಿಡಬೇಕೇ?*

ಇಲ್ಲ. "ನನ್ನ ಮೈಯೇ ಹೀಂಗ" ಎಂದು ಕೈಚೆಲ್ಲುವುದೂ ಹಣೆಬರಹದ ಇನ್ನೊಂದು ಹೆಸರು.

ನಮ್ಮ ಮಸ್ಕಿಯ ಬಂಡೆಯನ್ನು ನೆನೆಯಿರಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಗುರುತಿಸಿದ. ದೇವಾನಾಂಪಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕದ್ದು ಅಲ್ಲಿಯೇ. ಅದೇ ಶಾಸನದಲ್ಲಿ ಸಾಮ್ರಾಟ ಹೇಳುವ ಮಾತಿನ ಅರ್ಥ: ಈ ಗುರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಧಮ್ಮದಲ್ಲಿ ತೊಡಗಿದ ಸಣ್ಣವನಿಗೂ ಸಾಧ್ಯ. ಇದೇ ಶಾಸನದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಪಾಠದಲ್ಲಿ, ತಾನು ಉಪಾಸಕನಾದ ಮೇಲೂ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ ಎಂದು ಅಶೋಕನೇ ಹೇಳಿಕೊಂಡಿದ್ದಾನೆ. ಶಾಸನ ಹೇಳುವುದು ಧಮ್ಮದ ಗುರಿಯ ಬಗ್ಗೆ, ತೂಕದ ಬಗ್ಗೆ ಅಲ್ಲ. ಆದರೆ ಪ್ರಯತ್ನದ ಬಾಗಿಲು ಎಲ್ಲರಿಗೂ ತೆರೆದಿದೆ ಎಂಬುದು ಇಲ್ಲಿಗೂ ಹೊಂದುತ್ತದೆ. ಆ ಬಾಗಿಲಿಂದ ಎಲ್ಲರೂ ಒಂದೇ ದಿನ ಒಂದೇ ಜಾಗ ತಲುಪುತ್ತಾರೆಂದು ಯಾರೂ ಹೇಳಿಲ್ಲ.

ಈಗ ಪಸೇನದಿಯ ಕಥೆಗೆ ಮತ್ತೆ ಹೋಗಿ ಮೂರು ವಿಷಯ ಗಮನಿಸಿ.

ಒಂದು, ಭಗವಾನರು ರಾಜನನ್ನು ಹೀಯಾಳಿಸಲಿಲ್ಲ. ಸಭೆಯಲ್ಲಿ ನಗೆಪಾಟಲು ಮಾಡಲಿಲ್ಲ. ದಾರಿ ಹೇಳಿದರು.

ಎರಡು, ಗಾಥೆಯಲ್ಲಿ ತೂಕದ ಮಾತೇ ಇಲ್ಲ. ನೋವು ಕಡಿಮೆಯಾಗುತ್ತದೆ, ಆಯುಷ್ಯ ಉಳಿಯುತ್ತದೆ ಎಂದಿದೆ. ಮಿತಿ ತಿಳಿದು ಉಂಡರೆ ಆಗುವ ಲಾಭವನ್ನು ಅಲ್ಲಿಂದಲೇ ಅಳೆಯೋಣ. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ? ಮಂಡಿನೋವು ತಗ್ಗಿತೇ? ಸಕ್ಕರೆ ಹಿಡಿತಕ್ಕೆ ಬಂತೇ? 70 ಕೆಜಿ ಇರುವವರು ಮೂರೂವರೆ ಕೆಜಿ, ಅಂದರೆ ನೂರಕ್ಕೆ ಐದರಷ್ಟು ಇಳಿದರೂ ಸಕ್ಕರೆ ಮತ್ತು ಬಿಪಿಗೆ ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ತೂಕ ಅಷ್ಟು ಇಳಿಯದಿದ್ದರೂ ದಿನದ ನಡಿಗೆಯಿಂದ ಹೃದಯಕ್ಕೆ ಲಾಭವಿದೆ.

ಮೂರು, ರಾಜ ಒಬ್ಬನೇ ಇಳಿಸಲಿಲ್ಲ. ನೆನಪಿಸಲು ದಿನಕ್ಕೆ ನೂರು ಕಹಾಪಣ ಕೊಟ್ಟು ಒಬ್ಬನನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. 1948ರಲ್ಲಿ ಮದುವೆಯಾದ ಮೇಲೆ ಅವರ ಊಟ, ಇನ್ಸುಲಿನ್ ನೋಡಿಕೊಂಡವರು ಸ್ವತಃ ವೈದ್ಯೆಯಾಗಿದ್ದ ಮಾಯಿಸಾಹೇಬ್ ಸವಿತಾ ಅಂಬೇಡ್ಕರ್. ಅಂಥ ದೊಡ್ಡವರಿಗೇ ಜೊತೆ ಬೇಕಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಜೊತೆ ಯಾರು? ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರು ಅವರು. ಚೆಲ್ಲಬಾರದೆಂದು ಬೋಗುಣಿಯಲ್ಲಿ ಉಳಿದ ಅನ್ನ ಅವರ ತಟ್ಟೆಗೇ ಬರುತ್ತದೆ. ಬೇಳೆ, ಪಲ್ಯ ಅಷ್ಟರಲ್ಲಿ ಮುಗಿದಿರುತ್ತದೆ. ಅವರಿಗೆ "ಬಾಯಿ ಕಟ್ಟು" ಎನ್ನುವ ಮೊದಲು ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದನ್ನು ಕಲಿಯಬೇಕು.

*ಈ ವಾರದ ಅಭ್ಯಾಸ*

1. ಮನೆಯಲ್ಲಿ ಒಬ್ಬರಿಗೊಬ್ಬರು ಸುದಸ್ಸನರಾಗಿ. ನಗದೆ, ಬೈಯದೆ ನೆನಪಿಸಿ. ಕೊನೆಯವರೆಗೆ ಯಾರಿಗೂ ಒಬ್ಬರೇ ಕಾಯುವ ಪಾಳಿ ಬೇಡ.

2. ಪಸೇನದಿಯಂತೆ ಮೆಲ್ಲಗೆ ಇಳಿಸಿ. ಅನ್ನ ಒಂದು ಸೌಟು ಕಡಿಮೆ, ಬೇಳೆ-ಪಲ್ಯ ಒಂದು ಸೌಟು ಹೆಚ್ಚು. ಒಂದು ಹೊತ್ತಾದರೂ ಜೋಳದ ರೊಟ್ಟಿ. ಚಹಾದ ಸಕ್ಕರೆ ಅರ್ಧ.

3. ನಾಲ್ಕೈದು ತಿಂಗಳು ಮಾಡಿಯೂ ಬದಲಾವಣೆ ಕಾಣದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ ಥೈರಾಯ್ಡ್, ಸಕ್ಕರೆ ಪರೀಕ್ಷೆ ಬಗ್ಗೆ ಕೇಳಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಮಾತ್ರೆಯನ್ನು ತಾವಾಗಿಯೇ ಬಿಡಬೇಡಿ. ತಿಂಗಳಲ್ಲಿ ಹತ್ತು ಕೆಜಿ ಇಳಿಸುತ್ತೇವೆಂದು ಮಾರುವ ಪುಡಿಗಳಿಗೆ ಹಣ ಹಾಕಬೇಡಿ.

4. ಹುಣ್ಣಿಮೆಯ ಅಷ್ಟಶೀಲದಂದು ಮಧ್ಯಾಹ್ನದ ನಂತರ ಊಟ ಬಿಡುವವರಲ್ಲಿ ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಕಾಯಿಲೆ ಬಿದ್ದ ಭಿಕ್ಖುಗಳಿಗೆ ಮಧ್ಯಾಹ್ನದ ನಂತರವೂ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲವನ್ನು ಔಷಧಿಯಾಗಿ ಭಗವಾನರು ಒಪ್ಪಿದ್ದರು. ಆರು ವರ್ಷ ಮೈ ಒಣಗಿಸಿ, ಅದರಿಂದ ಫಲವಿಲ್ಲವೆಂದು ಕಂಡು ಸುಜಾತಾ ಕೊಟ್ಟ ಪಾಯಸ ಉಂಡವರ ಮಕ್ಕಳು ನಾವು. ಉಪವಾಸದಿಂದ ತಲೆತಿರುಗಿ ಬೀಳುವುದು ಧಮ್ಮವಲ್ಲ.

5. ಇವತ್ತು ಒಬ್ಬರ ಮೈ ಬಗ್ಗೆ ಹೇಳಬೇಕೆನಿಸಿದ ಒಂದು ಮಾತನ್ನು ನುಂಗಿಕೊಳ್ಳಿ. ಅದರ ಬದಲು "ನಾಳೆ ನಾನೂ ನಡ್ಯಾಕ ಬರ್ತೀನಿ" ಎನ್ನಿ.

ಮುಂದಿನ ಭಾನುವಾರ ಸೀವಕ ಸುತ್ತವನ್ನು ಪೂರ್ತಿ ಓದುತ್ತೇವೆ. ಎಲ್ಲರೂ ಬನ್ನಿ, ಮನೆಯ ಹೆಣ್ಣುಮಕ್ಕಳನ್ನು ಕರೆತನ್ನಿ. ಈ ಸಂದೇಶವನ್ನು ಇನ್ನೊಂದು ಮನೆಗೆ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.