ಫೋಟೋ ಪ್ಲೇಟಿನಲ್ಲಿ ಸಿಕ್ಕಿಬಿದ್ದ ಕಣಗಳು

ಪಾರ್ಟಿಕಲ್ ಫಿಸಿಕ್ಸ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಸರ್ನ್ ಮತ್ತು ಅದರ 27 ಕಿಲೋಮೀಟರ್ ಸುತ್ತಳತೆಯ ಯಂತ್ರ. ಅಂಥದ್ದೇನೂ ಇಲ್ಲದ ಕಾಲದಲ್ಲಿ ಗಾಜಿನ ಫೋಟೋ ಪ್ಲೇಟ್ ಇಟ್ಟುಕೊಂಡು ಕಣಗಳನ್ನು ಹುಡುಕಿದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಕೆಲಸವನ್ನು ಈ ಸಲ ಅರ್ಥ ಮಾಡಿಕೊಳ್ಳೋಣ. ಅವರ ಹೆಸರು ಬಿಭಾ ಚೌಧುರಿ.

ಯಾರು ಇವರು?

ಹುಟ್ಟಿದ್ದು 1913ರಲ್ಲಿ, ಕಲ್ಕತ್ತಾದಲ್ಲಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ ಮುಗಿಸಿದಾಗ ಕ್ಲಾಸಿನಲ್ಲಿದ್ದ ಹುಡುಗಿ ಇವರೊಬ್ಬರೇ. ಆಮೇಲೆ ಡಿ.ಎಂ. ಬೋಸ್ ಅವರ ಜೊತೆ ಸಂಶೋಧನೆಗೆ ಸೇರಿದರು.

ಕಣ ಎಲ್ಲಿಂದ ಬರುತ್ತೆ?

ಬಾಹ್ಯಾಕಾಶದಿಂದ ಪ್ರೋಟಾನ್‌ಗಳು ಬಹಳ ವೇಗವಾಗಿ ಬಂದು ನಮ್ಮ ವಾತಾವರಣದ ಮೇಲ್ಭಾಗಕ್ಕೆ ಬಡಿಯುತ್ತವೆ. ಆಗ ಪಯಾನ್ ಅನ್ನೋ ಕಣಗಳು ಹುಟ್ಟುತ್ತವೆ. ಚಾರ್ಜ್ ಇರುವ ಪಯಾನ್ ಸರಾಸರಿ 26 ನ್ಯಾನೋಸೆಕೆಂಡಿನಲ್ಲಿ ಒಡೆದು ಮ್ಯೂಆನ್ ಆಗುತ್ತೆ. ಕೆಳಗೆ ಬಂದಷ್ಟೂ ಗಾಳಿ ಅಡ್ಡ ಬರುತ್ತೆ. ಅದಕ್ಕೇ ಬೋಸ್ ಮತ್ತು ಚೌಧುರಿ ತಮ್ಮ ಪ್ಲೇಟ್‌ಗಳನ್ನು ಡಾರ್ಜಿಲಿಂಗ್‌ಗೆ, ಇನ್ನೂ ಎತ್ತರದ ಸಂದಕ್‌ಫುಗೆ ಒಯ್ದು ತಿಂಗಳುಗಟ್ಟಲೆ ಇಟ್ಟರು.

ಪ್ಲೇಟಿನಲ್ಲಿ ಏನು ಕಾಣುತ್ತೆ?

ಪ್ಲೇಟಿನ ಮೇಲಿನ ಲೇಪದಲ್ಲಿ ಸಿಲ್ವರ್ ಬ್ರೋಮೈಡಿನ ಸಣ್ಣ ಸಣ್ಣ ಹರಳುಗಳಿರುತ್ತವೆ. ಚಾರ್ಜ್ ಇರುವ ಕಣ ಅದರೊಳಗೆ ಹಾದುಹೋದರೆ ದಾರಿಯಲ್ಲಿ ಸಿಕ್ಕ ಹರಳುಗಳು ಬದಲಾಗುತ್ತವೆ. ಪ್ಲೇಟನ್ನು ಡೆವಲಪ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಪ್ಪು ಚುಕ್ಕೆಗಳ ಸಾಲು ಕಾಣುತ್ತೆ, ಮನೆಮುಂದೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ.

ಈ ಸಾಲಿನಲ್ಲಿ ನೋಡಬೇಕಾದ್ದು ಎರಡು.

1. ಚುಕ್ಕೆಗಳ ನಡುವಿನ ಅಂತರ: ಕಣ ವೇಗವಾಗಿದ್ದರೆ ಚುಕ್ಕೆಗಳು ದೂರ ದೂರ, ನಿಧಾನವಾದರೆ ಒತ್ತೊತ್ತಾಗಿ.

2. ದಾರಿಯ ಸೊಟ್ಟ: ಹಗುರವಾದ ಕಣ ಪರಮಾಣುಗಳ ನಡುವೆ ಹೆಚ್ಚು ಅತ್ತಿತ್ತ ಓಲಾಡುತ್ತೆ, ಭಾರವಾದದ್ದು ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತೆ.

ಎರಡನ್ನೂ ಅಳೆದು ಜೋಡಿಸಿದರೆ ಕಣದ ಮಾಸ್ ಅಂದಾಜು ಮಾಡಬಹುದು. ಅವರಿಗೆ ಸಿಕ್ಕಿದ್ದು ಎಲೆಕ್ಟ್ರಾನಿನ ಸುಮಾರು 200 ಪಟ್ಟು. 1940ರಿಂದ 1942ರ ನಡುವೆ ಈ ಕೆಲಸ 'ನೇಚರ್' ಪತ್ರಿಕೆಯಲ್ಲಿ ಬಂತು.

ಎಲ್ಲಿ ನಿಂತುಹೋಯಿತು?

ಇವತ್ತು ನಮಗೆ ಗೊತ್ತಿರುವ ಲೆಕ್ಕದಲ್ಲಿ ಮ್ಯೂಆನ್ ಎಲೆಕ್ಟ್ರಾನಿನ 207 ಪಟ್ಟು, ಚಾರ್ಜ್ ಇರುವ ಪಯಾನ್ 273 ಪಟ್ಟು. ಇವೆರಡನ್ನೂ ಬೇರೆ ಮಾಡಬೇಕಾದರೆ ಅಳತೆ ತುಂಬಾ ಸೂಕ್ಷ್ಮವಾಗಿರಬೇಕು. ಅದಕ್ಕೆ ಬೇಕಿದ್ದ ಫುಲ್ ಟೋನ್ ಪ್ಲೇಟ್‌ಗಳು ಎರಡನೇ ಮಹಾಯುದ್ಧದಿಂದಾಗಿ ಭಾರತಕ್ಕೆ ಬರಲಿಲ್ಲ. ಇದ್ದ ಹಾಫ್ ಟೋನ್ ಪ್ಲೇಟ್‌ಗಳಲ್ಲೇ ಕೆಲಸ ಮಾಡಬೇಕಾಯಿತು. 1947ರಲ್ಲಿ ಬ್ರಿಸ್ಟಲ್‌ನ ಸೆಸಿಲ್ ಪೊವೆಲ್ ತಂಡ ಇದೇ ಬಗೆಯ ವಿಧಾನವನ್ನು ಹೆಚ್ಚು ಸೂಕ್ಷ್ಮ ಪ್ಲೇಟ್‌ಗಳಲ್ಲಿ ಬಳಸಿ ಪಯಾನ್ ಕಂಡುಹಿಡಿಯಿತು. 1950ರ ನೊಬೆಲ್ ಪೊವೆಲ್‌ಗೆ ಬಂತು. ಇಲ್ಲಿಗೆ ಬಂದಾಗ ನಮಗೆ ನಿಜವಾಗ್ಲೂ ಬೇಜಾರಾಯಿತು. ವಿಧಾನ ಕೈಯಲ್ಲಿತ್ತು, ಸಾಮಾನು ಸಿಗಲಿಲ್ಲ.

ಪಿಎಚ್‌ಡಿ ಕೆಲಸ

ಬಿಭಾ ಅಷ್ಟಕ್ಕೇ ಕೈಚೆಲ್ಲಲಿಲ್ಲ. ಮ್ಯಾಂಚೆಸ್ಟರ್‌ಗೆ ಹೋಗಿ ಪ್ಯಾಟ್ರಿಕ್ ಬ್ಲಾಕೆಟ್ ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿದರು. ವಿಷಯ ಏರ್ ಶವರ್. ಒಂದೇ ಒಂದು ಕಾಸ್ಮಿಕ್ ಕಣ ಗಾಳಿಗೆ ಬಡಿದು, ಅದರಿಂದ ಹುಟ್ಟಿದ ಕಣಗಳು ಮತ್ತೆ ಬಡಿದು, ಕೊನೆಗೆ ನೆಲಕ್ಕೆ ಸುರಿಯುವ ಕಣಗಳ ಮಳೆ ಅದು. ಎಲೆಕ್ಟ್ರಾನ್‌ಗಳನ್ನು ದಪ್ಪ ಸೀಸ ತಡೆಯುತ್ತೆ. ಸೀಸವನ್ನೂ ದಾಟಿ ಹೋಗುವ ಕಣಗಳು ಆ ಮಳೆಯಲ್ಲಿ ಎಷ್ಟಿವೆ ಅನ್ನೋದೇ ಅವರ ಪ್ರಶ್ನೆ. ಶವರ್ ದಟ್ಟವಾದಷ್ಟೂ ಇಂಥ ಕಣಗಳೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ ಅಂತ ಅವರು ಕಂಡುಕೊಂಡರು.

1949ರಲ್ಲಿ ಮುಂಬೈನ ಟಿಐಎಫ್‌ಆರ್ ಸೇರಿದರು, ಅಲ್ಲಿನ ಮೊದಲ ಮಹಿಳಾ ಸಂಶೋಧಕಿಯಾಗಿ. ಮುಂದೆ ನಮ್ಮ ಕೋಲಾರ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಕೈಜೋಡಿಸಿದರು. ಕೆಜಿಎಫ್ ಅಂದ್ರೆ ಸಿನಿಮಾ ಅಷ್ಟೇ ಅಂದ್ಕೊಂಡಿದ್ದ ನಮಗೆ ಇದು ಹೊಸ ವಿಷಯ! 1991ರಲ್ಲಿ ಅವರು ತೀರಿಕೊಂಡರು. 2019ರಲ್ಲಿ ಒಂದು ನಕ್ಷತ್ರಕ್ಕೆ 'ಬಿಭಾ' ಅಂತ ಹೆಸರಿಟ್ಟರು.

ನಮಗೇನು ಪಾಠ?

ಲ್ಯಾಬಿನಲ್ಲಿ ರೀಡಿಂಗ್ ಪುಸ್ತಕದ ಬೆಲೆಗೆ ಹೊಂದದಿದ್ದರೆ ನಾವು ಮೊದಲು ಹುಡುಕೋದು ರಬ್ಬರ್. ಒಂದು ಪ್ಲೇಟಿಗಾಗಿ ತಿಂಗಳುಗಟ್ಟಲೆ ಕಾದು, ಒಂದೊಂದೇ ಚುಕ್ಕೆ ಎಣಿಸಿ, ಬಂದ ಅಂಕಿಯನ್ನು ಬಂದ ಹಾಗೇ ಬರೆದವರ ಬಗ್ಗೆ ಓದಿದ ಮೇಲೆ ಸ್ವಲ್ಪ ನಾಚಿಕೆಯಾಯ್ತು. ಮುಂದಿನ ವಾರ ಲ್ಯಾಬ್ ಇದೆ. ರೀಡಿಂಗ್ ಏನು ಬರುತ್ತೋ ಅದನ್ನೇ ಬರೆಯೋಣ, ಯಾಕೆ ಹಾಗೆ ಬಂತು ಅಂತ ಮೇಡಂ ಹತ್ರ ಕೇಳೋಣ.