ಎತ್ತರದ ಹುಲ್ಲಿನ ಲೋಡು, ಅಡ್ಡಗಾಳಿ

ನಮ್ಮ ಕರಾವಳಿಯಲ್ಲಿ ಹಟ್ಟಿ ಇರುವ ಹೆಚ್ಚಿನವರಿಗೆ ಬೈಹುಲ್ಲು ಘಟ್ಟದ ಮೇಲಿನಿಂದಲೇ ಬರಬೇಕು. ಗದ್ದೆಗಳು ತೋಟವಾಗಿ ಎಷ್ಟೋ ಕಾಲ ಆಯ್ತು. ಮಳೆಗಾಲಕ್ಕೆ ಮೊದಲು ಹುಲ್ಲು ತುಂಬಿಸಿಡುವ ಗಡಿಬಿಡಿ ಎಪ್ರಿಲ್-ಮೇಯಲ್ಲಿ. ಸಂಜೆ ಗುಡುಗಿನ ಜತೆ ಗಾಳಿ ಏಳುವುದೂ ಆಗಲೇ.

2022ರ ಮೇಯಲ್ಲಿ ನನಗೆ ಬರಬೇಕಿದ್ದ ಹುಲ್ಲಿನ ಲಾರಿ ಸಕಲೇಶಪುರಕ್ಕಿಂತ ಮೊದಲೇ ಒಂದು ತಿರುವಿನಲ್ಲಿ ಮಗುಚಿತು. ಲೋಡಿನ ಮೇಲೆ ಕುಳಿತಿದ್ದ ಹುಡುಗನ ಕೈ ಮುರಿಯಿತು. ಚಾಲಕನನ್ನು ಬೈಯುವುದು ಸುಲಭ. ಆದರೆ ಹಿಂದಿನ ದಿನ ಫೋನಿನಲ್ಲಿ "ಇನ್ನೆರಡು ಸಾಲು ಹಾಕ್ಸಿ ಮಾರಾಯ್ರೆ, ಬಾಡಿಗೆ ಹೇಗೂ ಅಷ್ಟೇ ಅಲ್ವ" ಎಂದವನು ನಾನೇ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. 20 ಅಡಿ ಉದ್ದ, 9 ಅಡಿ ಎತ್ತರದ ಹುಲ್ಲಿನ ಗೋಡೆಗೆ ಗಂಟೆಗೆ 60 ಕಿ.ಮೀ. ಗಾಳಿ ಅಡ್ಡಕ್ಕೆ ಬಡಿದರೆ ತಳ್ಳುವ ಬಲ ಸುಮಾರು 300 ಕಿಲೋ. ಗಾಳಿ 90 ಆದರೆ 700ರ ಹತ್ತಿರ. ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ಜಲ್ಲಿ ತುಂಬಿದ ಲಾರಿಗೆ ಇದು ಲೆಕ್ಕಕ್ಕಿಲ್ಲ. ಹುಲ್ಲಿನ ಲಾರಿಗೆ ಮೈ ದೊಡ್ಡದು, ಭಾರ ಕಡಿಮೆ, ಇರುವ ಭಾರವೂ ಮೇಲಕ್ಕೆ.

ಹಾಗಂತ ಗಾಳಿಯೊಂದೇ ಲಾರಿ ಮಗುಚುವುದು ಅಪರೂಪ. ಹಗ್ಗ ಸಡಿಲಾಗಿ ಲೋಡು ಒಂದು ಬದಿಗೆ ವಾಲಿರುತ್ತದೆ, ತಿರುವು ಅದೇ ಬದಿಗೆ ಎಸೆಯುತ್ತದೆ, ಆಗಲೇ ಗಾಳಿಯೂ ಅತ್ತಲೇ ದೂಡುತ್ತದೆ. ಮೂರೂ ಒಟ್ಟಾದರೆ ಮುಗೀತು. ಇದರಲ್ಲಿ ಗಾಳಿ ನಮ್ಮ ಕೈಯಲ್ಲಿಲ್ಲ, ಉಳಿದೆರಡು ಇದೆ. ತಿರುವಿನಲ್ಲಿ ವೇಗ ಅರ್ಧಕ್ಕಿಳಿಸಿದರೆ ಹೊರಗೆ ಎಸೆಯುವ ಬಲ ಕಾಲು ಭಾಗವಾಗುತ್ತದೆ.

ಹುಲ್ಲು ದಾರಿಯಲ್ಲಿ ಕುಗ್ಗುತ್ತದೆ. ಹೊರಡುವಾಗ ಬಿಗಿಯಾಗಿದ್ದ ಹಗ್ಗ ಹತ್ತು-ಹದಿನೈದು ಕಿ.ಮೀ.ಗೇ ಸಡಿಲ. ಅಲ್ಲೊಮ್ಮೆ ನಿಲ್ಲಿಸಿ ಎಳೆದು ಕಟ್ಟಬೇಕು. ಟಾರ್ಪಾಲಿನ ಅಂಚು ಪಟಪಟ ಹಾರುತ್ತಿದ್ದರೆ ಅದೂ ಹಾಯಿಯೇ. ಎತ್ತರದ ಬಗ್ಗೆ ಕಾನೂನೂ ಇದೆ: ಸರಕಿನ ವಾಹನಕ್ಕೆ ಲೋಡು ಸೇರಿ 4 ಮೀಟರು, 2020ಕ್ಕೆ ಮೊದಲು 3.8. ನಮ್ಮ ಹುಲ್ಲಿನ ಲಾರಿಗಳು ಎಷ್ಟೆತ್ತರ ಬರುತ್ತವೆ ಅಂತ ನಿಮಗೂ ಗೊತ್ತು. ಕರೆಂಟಿನ ತಂತಿಗೆ ತಾಗಿ ಬೆಂಕಿ ಹಿಡಿಯುವುದೂ ಇದೇ ಆಸೆಯಿಂದ.

ಗಾಳಿ ಅಳೆಯಲು ಯಂತ್ರ ಬೇಡ. ಧೂಳು, ಕಾಗದ ಹಾರಿದರೆ 20-30 ಕಿ.ಮೀ. ಇಡೀ ಮರವೇ ತೂಗಿ, ಗಾಳಿಗೆ ಎದುರಾಗಿ ನಡೆಯಲು ಕಷ್ಟವಾದರೆ 50 ದಾಟಿದೆ. ಮರದ ಸಣ್ಣ ಗೆಲ್ಲು ಮುರಿದು ಬೀಳತೊಡಗಿದರೆ 60ಕ್ಕೂ ಮೇಲೆ. ಹುಲ್ಲಿನ ಲಾರಿ ಅಷ್ಟರವರೆಗೆ ಕಾಯಬಾರದು, ಮರ ತೂಗುವಾಗಲೇ ನಿಲ್ಲಬೇಕು. ಹವಾಮಾನ ಇಲಾಖೆಯ ಗುಡುಗು-ಗಾಳಿಯ ಮುನ್ಸೂಚನೆಯಲ್ಲಿ ವೇಗವನ್ನೂ ಹೇಳುತ್ತಾರೆ. ಹೊರಡುವ ಮೊದಲು ನೋಡಿಕೊಳ್ಳಬಹುದು.

ಹೆಚ್ಚು ಮೋಸ ಮಾಡುವುದು ಮರೆ ಮುಗಿಯುವ ಜಾಗ. ಎರಡೂ ಬದಿ ದರೆ ಇರುವಲ್ಲಿ ಗಾಳಿಯೇ ಗೊತ್ತಾಗುವುದಿಲ್ಲ. ದರೆ ಮುಗಿದು ಬಯಲಿಗೋ ಸೇತುವೆಗೋ ಬಂದ ಕೂಡಲೇ ಒಮ್ಮೆಲೇ ಬಡಿಯುತ್ತದೆ. ದೊಡ್ಡ ಬಸ್ಸು ಪಕ್ಕದಿಂದ ದಾಟುವಾಗಲೂ ಹಾಗೆಯೇ, ಗಾಳಿ ಕ್ಷಣ ನಿಂತು ಮತ್ತೆ ಬಡಿಯುತ್ತದೆ. ಅಂಥಲ್ಲಿಗೆ ಮೊದಲೇ ವೇಗ ಇಳಿಸಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿರಬೇಕು. ಲಾರಿ ಎಳೆದರೆ ಹೆದರಿ ಒಮ್ಮೆಲೇ ತಿರುಗಿಸಬಾರದು, ಬ್ರೇಕ್ ಒತ್ತಬಾರದು. ಆಕ್ಸಿಲೇಟರ್ ಬಿಟ್ಟು ಸ್ವಲ್ಪ ಸ್ವಲ್ಪವೇ ಸರಿ ಮಾಡಬೇಕು.

ನಿಲ್ಲಿಸುವುದಾದರೆ ಗುಡ್ಡದ ಮರೆಯಲ್ಲಿ. ಮರದಡಿ, ತಂತಿಯಡಿ, ಸೇತುವೆ ಮೇಲೆ ಬೇಡ. ಮರೆ ಸಿಗದಿದ್ದರೆ ಲಾರಿಯ ಮೂತಿ ಗಾಳಿಗೆ ಎದುರು ಇರಲಿ. ಗಾಳಿ ಲೋಡನ್ನು ಯಾವ ಬದಿಗೆ ದೂಡುತ್ತದೋ ಆ ಬದಿಯಲ್ಲಿ ಯಾರೂ ನಿಲ್ಲಬಾರದು. ಇನ್ನು ಹುಲ್ಲಿನ ಮೇಲೆ ಜನ ಕೂರುವುದು, ಅದು ಗಾಳಿ ಇರಲಿ ಬಿಡಲಿ, ಬೇಡವೇ ಬೇಡ.

ಲೋಡಿಗೆ ಇಷ್ಟು ಎಂದು ಮಾತಾಡುವವರೆಗೆ ಲೋಡು ಏರುತ್ತಲೇ ಇರುತ್ತದೆ. ನಾನೀಗ ಬೇಲರ್ ಯಂತ್ರದ ಉಂಡೆ ಲೆಕ್ಕದಲ್ಲಿ ತರಿಸುತ್ತೇನೆ. ಬಾಡಿಗೆ ಸ್ವಲ್ಪ ಹೆಚ್ಚೇ ಬೀಳುತ್ತದೆ. ಹೊರಡುವಾಗ ಚಾಲಕನಿಗೆ ಫೋನು ಮಾಡಿ, "ಗಾಳಿ ಬಂದ್ರೆ ನಿಲ್ಸಿ. ನಡುರಾತ್ರಿ ಬಂದ್ರೂ ಇಳಿಸ್ಕೊಳ್ತೇನೆ, ಕಾದದ್ದಕ್ಕೆ ಬೇರೆ ಕೊಡ್ತೇನೆ" ಎನ್ನುತ್ತೇನೆ. ಕಳೆದ ಸಲ ಲಾರಿ ಬಂದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ.