ಅಟ್ಯಾಚ್‌ಮೆಂಟ್ ತೆರೆಯುವ ಮುನ್ನ

ಮುಂಬಯಿಯ ಮಲಾಡಿನ ಎಸ್.ವಿ. ರಸ್ತೆ, ಮಾರ್ವೆ ರಸ್ತೆಯ ಆಸುಪಾಸಿನಲ್ಲಿ ಹೋಟೆಲು, ಅಂಗಡಿ, ಸಣ್ಣ ಆಫೀಸು ನಡೆಸುವ ನಮ್ಮ ಕನ್ನಡಿಗರಿಗೆ ಈಗ ಇ-ಮೇಲ್ ಇಲ್ಲದೆ ದಿನ ಸಾಗುವುದಿಲ್ಲ. ಜಿಎಸ್‌ಟಿ, ಬ್ಯಾಂಕಿನ ಲೆಕ್ಕ, ಸರಕಿನ ಬಿಲ್ಲು ಎಲ್ಲವೂ ಅಲ್ಲಿಗೇ ಬರುತ್ತವೆ. ‘ಮೇಲ್ ತೆರೆದರೆ ವೈರಸ್ ಬರುತ್ತದಂತೆ’ ಎಂಬ ಅಂಜಿಕೆಯೂ ಜೊತೆಗೇ ಇರುತ್ತದೆ. ಮೇಲ್ ಓದಿದ ಮಾತ್ರಕ್ಕೆ ಕಂಪ್ಯೂಟರ್ ಕೆಡುವುದು ತೀರಾ ಅಪರೂಪ. ಅಪಾಯವಿರುವುದು ಜೊತೆಗೆ ಬಂದ ಫೈಲನ್ನು ತೆರೆದಾಗ, ಇಲ್ಲವೇ ಒಳಗಿನ ಲಿಂಕ್ ಒತ್ತಿದಾಗ. ವೈರಸ್ ಕೂಡ ಒಂದು ಪ್ರೋಗ್ರಾಂ. ಯಾರಾದರೂ ಅದನ್ನು ಓಡಿಸಬೇಕು. ಆ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸುವುದಕ್ಕೆ ಕಳ್ಳರು ಮೇಲ್ ಕಳಿಸುತ್ತಾರೆ.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವೈರಸ್ಸಿನ ಕಥೆ ಕಲಿಯುವವರಿಗೆ ಇವತ್ತಿಗೂ ಒಳ್ಳೆಯ ಪಾಠ. ಅದರ ಫೈಲಿನ ಹೆಸರು ‘ಲವ್-ಲೆಟರ್-ಫಾರ್-ಯೂ.ಟಿಎಕ್ಸ್‌ಟಿ.ವಿಬಿಎಸ್’. ವಿಂಡೋಸ್ ಹೆಸರಿನ ಕೊನೆಯ ತುಂಡನ್ನು ಮರೆಮಾಡುತ್ತಿದ್ದುದರಿಂದ ಜನರ ಕಣ್ಣಿಗೆ ಬಿದ್ದದ್ದು ಟಿಎಕ್ಸ್‌ಟಿ, ಅಂದರೆ ಬರೀ ಓದುವ ಕಾಗದ. ನಿಜವಾದ ಬಾಲ ವಿಬಿಎಸ್, ಅದು ಓಡುವ ಪ್ರೋಗ್ರಾಂ. ತೆರೆದವರ ಫೋಟೋ ಫೈಲುಗಳನ್ನು ಅಳಿಸಿ, ಅವರ ಔಟ್‌ಲುಕ್ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ತನ್ನನ್ನು ತಾನೇ ಕಳಿಸಿಕೊಂಡಿತು. ಹಾಗಾಗಿ ಮುಂದಿನವರಿಗೆ ಬಂದದ್ದು ಪರಿಚಿತರ ಹೆಸರಿನಲ್ಲೇ. ಗೊತ್ತಿರುವವರ ಮೇಲ್ ಎಂದು ಕಣ್ಣುಮುಚ್ಚಿ ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಿಂಡೋಸ್ ಆ ಬಾಲವನ್ನು ಈಗಲೂ ತಾನಾಗಿ ತೋರಿಸುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ವ್ಯೂ’ ಒತ್ತಿ, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಗುರುತು ಹಾಕಿ. ವಿಂಡೋಸ್ 11ರಲ್ಲಿ ಅದು ‘ವ್ಯೂ’ ಒಳಗಿನ ‘ಶೋ’ದಲ್ಲಿದೆ. ಇಷ್ಟು ಮಾಡಿದರೆ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಮೋಸ ತಾನಾಗಿ ಬಯಲಾಗುತ್ತದೆ. ಇಎಕ್ಸ್‌ಇ, ವಿಬಿಎಸ್, ಜೆಎಸ್ ಬಾಲದ ಬಿಲ್ಲನ್ನು ಯಾವ ವ್ಯಾಪಾರಿಯೂ ಕಳಿಸುವುದಿಲ್ಲ. ಜಿಪ್ ಫೈಲ್ ಬಂದರೆ ಒಳಗೇನಿದೆ ಎಂದು ಕಳಿಸಿದವರಿಗೆ ಫೋನ್ ಮಾಡಿಯೇ ಕೇಳಿ. ಆ ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ. ವರ್ಡ್, ಎಕ್ಸೆಲ್ ಫೈಲು ‘ಎನೇಬಲ್ ಕಂಟೆಂಟ್’ ಒತ್ತಿ ಎಂದರೆ ಒತ್ತಬೇಡಿ.

ತೆರಿಗೆ ಇಲಾಖೆಯ ಹೆಸರಿನಲ್ಲಿ ಹೆದರಿಸುವ ಮೇಲ್ ಬಂದರೆ ಕಳಿಸಿದವರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ. ಕೇಂದ್ರ, ರಾಜ್ಯ ಇಲಾಖೆಗಳ ವಿಳಾಸ ಸಾಮಾನ್ಯವಾಗಿ ‘ಜಿಒವಿ.ಇನ್’ ಅಥವಾ ‘ಎನ್‌ಐಸಿ.ಇನ್’ ಎಂದೇ ಮುಗಿಯುತ್ತದೆ. ಆ ವಿಳಾಸವನ್ನೂ ನಕಲು ಮಾಡುವವರಿದ್ದಾರೆ. ಆದ್ದರಿಂದ ಲಿಂಕ್ ಒತ್ತದೆ, ಇಲಾಖೆಯ ಜಾಲತಾಣವನ್ನು ನೀವೇ ತೆರೆದು ನೋಟಿಸ್ ಇದೆಯೇ ಎಂದು ನೋಡುವುದು ಲೇಸು.

ಮೊಬೈಲಿನಲ್ಲಿ ಮೇಲ್ ನೋಡುವವರು ಆ್ಯಪ್ ಫೈಲಿಗಿರುವ ಎಪಿಕೆ ಎಂಬ ಬಾಲವನ್ನು ನೆನಪಿಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ಈಚೆಗೆ ವಾಟ್ಸಾಪಿನಲ್ಲಿ ಹರಿದಾಡುತ್ತಿರುವುದು ಇದೇ. ಊರಿಂದ ಬರುವ ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆಯೇ ಹೊರತು ಆ್ಯಪ್ ಆಗಿ ಬರುವುದಿಲ್ಲ.

ವೈರಸ್ ಹೊಕ್ಕರೂ ಕೈಗೆ ಸಿಗುವಂತೆ ಅಂಗಡಿಯ ಲೆಕ್ಕದ ಪ್ರತಿಯನ್ನು ವಾರಕ್ಕೊಮ್ಮೆ ಬೇರೆ ಹಾರ್ಡ್‌ಡಿಸ್ಕಿಗೆ ಇಳಿಸಿ, ಅದನ್ನು ಕಂಪ್ಯೂಟರಿನಿಂದ ಕಳಚಿಡಿ. ವಿಂಡೋಸ್ ಕೇಳುವ ಅಪ್‌ಡೇಟುಗಳನ್ನು ಮುಂದೂಡಬೇಡಿ.

ಕೈತಪ್ಪಿ ಇಂಥ ಫೈಲೋ ಲಿಂಕೋ ಒತ್ತಿಬಿಟ್ಟರೆ ನಾಚಿಕೊಂಡು ಸುಮ್ಮನಿರಬೇಡಿ. ಮೊದಲು ಇಂಟರ್ನೆಟ್ ತೆಗೆಯಿರಿ, ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿ, ಆಮೇಲೆ ಕಂಪ್ಯೂಟರನ್ನು ತಿಳಿದವರಿಗೆ ತೋರಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.